ಅಕ್ಕಿ ನಡೆದೇ ಬರುತ್ತದೆ

ಬೆಂಗಳೂರಿನಲ್ಲಿ ಸರಕು ಸಾಗಣೆ ಎಂಬುದೇ ಇಲ್ಲ. ಇದು ಗಾಳಿಮಾತಲ್ಲ, ಕಂಪ್ಯೂಟರ್ ಹೇಳಿದ ಮಾತು. ಕೋಟಿ ಮೀರಿದ ಜನ ದಿನಾ ಉಣ್ಣುತ್ತಾರೆ, ಗ್ಯಾಸ್ ಹಚ್ಚುತ್ತಾರೆ, ಮನೆ ಕಟ್ಟಿಸುತ್ತಾರೆ, ಹಬ್ಬಕ್ಕೆ ಸೀರೆ ಕೊಳ್ಳುತ್ತಾರೆ. ಆದರೆ ಅಕ್ಕಿ, ಸಿಲಿಂಡರ್, ಎಂ-ಸ್ಯಾಂಡ್, ಸೀರೆ ಯಾವುದೂ ರಸ್ತೆಯ ಮೇಲೆ ಬರುವುದಿಲ್ಲ. ಯಾವ ರಸ್ತೆಯಲ್ಲಿ ಎಷ್ಟು ವಾಹನ ಓಡುತ್ತದೆ ಎಂದು ಕಂಪ್ಯೂಟರಿನಲ್ಲಿ ಹಾಕುವ ಲೆಕ್ಕಕ್ಕೆ ಟ್ರಾಫಿಕ್ ಮಾಡೆಲ್ ಎನ್ನುತ್ತಾರೆ. ನಗರದ ಆ ಮಾಡೆಲ್ ತೆರೆದರೆ ಕಾರಿದೆ, ಬಸ್ಸಿದೆ, ಮೆಟ್ರೋ ಇದೆ. ಸರಕು ಎಲ್ಲಿ ಎಂದು ಹುಡುಕುತ್ತಾ ಹೋದರೆ ವರದಿಯ ಬಾಲದಲ್ಲಿ, ಟ್ರಕ್ ಟರ್ಮಿನಲ್‌ಗಳನ್ನು ಊರಾಚೆಗೆ ಸಾಗಿಸಿ ಎಂಬ ಒಂದು ಸಲಹೆಯಾಗಿ ಕುಳಿತಿರುತ್ತದೆ.

ಇಷ್ಟು ದೊಡ್ಡ ವಸ್ತುವನ್ನು ಮಾಯ ಮಾಡುವುದು ಹುಡುಗಾಟವಲ್ಲ. ಅದಕ್ಕೊಂದು ಕ್ರಮವಿದೆ. ಮುಂದಿನ ಟೆಂಡರ್ ಹಿಡಿಯುವವರ ಅನುಕೂಲಕ್ಕಾಗಿ ಆ ಕ್ರಮ ಹೀಗಿದೆ.

ಮೊದಲು ಮುಹೂರ್ತ. ಮಾಡೆಲ್ ಕಟ್ಟಬೇಕಾದದ್ದು ಬೆಳಗಿನ ದಟ್ಟಣೆಯ ಒಂದು ಗಂಟೆಗೆ. ಆ ಹೊತ್ತಿನಲ್ಲಿ ಭಾರಿ ಸರಕು ವಾಹನ ನಗರದೊಳಗೆ ಬರಕೂಡದೆಂದು ಸಂಚಾರ ಪೊಲೀಸರ ಆದೇಶವಿರುವುದರಿಂದ ಎಣಿಕೆಗೆ ಲಾರಿ ಸಿಗುವುದಿಲ್ಲ. ಸಿಗದೇ ಇದ್ದದ್ದನ್ನು ಬರೆಯುವುದು ಅಪ್ರಾಮಾಣಿಕತೆ. ತುಮಕೂರು ರಸ್ತೆಯ ಅಂಚಿನಲ್ಲಿ ರಾತ್ರಿಗಾಗಿ ಕಾಯುತ್ತಾ ನಿಂತ ಲಾರಿಗಳು ಚಲಿಸುತ್ತಿಲ್ಲ, ಆದ್ದರಿಂದ ಅವು ಸಂಚಾರವಲ್ಲ. ರಾತ್ರಿ ಅವು ಒಳನುಗ್ಗುವ ಹೊತ್ತಿಗೆ ಎಣಿಸುವ ಹುಡುಗರು ಮನೆಗೆ ಹೋಗಿ ಮಲಗಿರುತ್ತಾರೆ.

ಆಮೇಲೆ ನಾಲ್ಕು ಹಂತದ ಲೆಕ್ಕ. ಎಷ್ಟು ಪ್ರಯಾಣ ಹುಟ್ಟುತ್ತದೆ, ಎಲ್ಲಿಂದ ಎಲ್ಲಿಗೆ, ಯಾವ ವಾಹನದಲ್ಲಿ, ಯಾವ ದಾರಿಯಲ್ಲಿ ಎಂಬ ಈ ವಿಧಾನ ರೂಪುಗೊಂಡದ್ದು 1950ರ ದಶಕದಲ್ಲಿ, ಡೆಟ್ರಾಯಿಟ್ ಮತ್ತು ಶಿಕಾಗೋ ನಗರಗಳ ಹೆದ್ದಾರಿ ಯೋಜನೆಗಳಿಗಾಗಿ. ಮನುಷ್ಯನಿಗೆ ಇದು ತಕ್ಕಮಟ್ಟಿಗೆ ಒಪ್ಪುತ್ತದೆ. ಅವನು ಬೆಳಗ್ಗೆ ಮನೆ ಬಿಟ್ಟು ಸಂಜೆ ಮನೆಗೇ ಬರುತ್ತಾನೆ. ಈರುಳ್ಳಿ ಹಾಗೆ ಸಂಜೆ ಮನೆಗೆ ಮರಳುವುದಿಲ್ಲ. ಅದನ್ನು ಕಳಿಸುವವನೊಬ್ಬ, ತರಿಸಿಕೊಳ್ಳುವವನೊಬ್ಬ, ಲಾರಿ ಬುಕ್ ಮಾಡುವ ಕಲಾಸಿಪಾಳ್ಯದ ಟ್ರಾನ್ಸ್‌ಪೋರ್ಟ್ ಆಫೀಸಿನವನು ಇನ್ನೊಬ್ಬ, ದಾರಿ ತೀರ್ಮಾನಿಸುವ ಡ್ರೈವರ್ ಮತ್ತೊಬ್ಬ. ಇವರಲ್ಲಿ ಯಾರ ಮನೆ ಬಾಗಿಲು ತಟ್ಟಿ ಸಮೀಕ್ಷೆ ಮಾಡುವುದು? ಈ ಕಷ್ಟಕ್ಕೆ ಸುಲಭ ಪರಿಹಾರವಿದೆ: ಕಾರುಗಳ ಸಂಖ್ಯೆಗೆ ಶೇಕಡಾ ಇಷ್ಟೆಂದು ಲಾರಿ ಸೇರಿಸಿಬಿಡುವುದು. ಕಾರು ಹೋದಲ್ಲಿಗೆ ಲಾರಿಯೂ ಹೋಗುತ್ತದೆ. ಈ ಪ್ರಕಾರ ಜಯನಗರದ ಲಾರಿಗಳು ಬೆಳಗ್ಗೆ ಮಾರತ್‌ಹಳ್ಳಿಯ ಟೆಕ್ ಪಾರ್ಕಿಗೆ ಹಾಜರಾಗಿ, ಸಂಜೆ ಕೆಲಸ ಮುಗಿಸಿ ವಾಪಸು ಬರುತ್ತವೆ.

ಸಮೀಕ್ಷೆ ಇಲ್ಲದೆ ಬಿಲ್ ಪಾಸಾಗದು ಎನ್ನುವುದಾದರೆ ನಗರದ ಗಡಿಯಲ್ಲಿ ಲಾರಿ ನಿಲ್ಲಿಸಿ ಕೇಳಬಹುದು. ಲಾರಿ ನಿಲ್ಲಬೇಕಾದರೆ ಪೊಲೀಸರು ಬೇಕು. ಖಾಕಿ ಪಕ್ಕದಲ್ಲೇ ಇರುವಾಗ ಎಷ್ಟು ಟನ್ ಹೇರಿದ್ದೀರಿ ಎಂದು ಕೇಳಿದರೆ ಪಾಸಿಂಗ್, ಅಂದರೆ ಪರವಾನಗಿಯ ತೂಕ, ಎಷ್ಟಿದೆಯೋ ಅಷ್ಟೇ ಎಂಬ ಉತ್ತರ ಬರುತ್ತದೆ. ಸ್ಪ್ರಿಂಗ್ ಪಟ್ಟಿ ನೆಟ್ಟಗಾಗಿ ಟೈರು ಚಪ್ಪಟೆಯಾಗಿದ್ದರೂ ಫಾರಂನಲ್ಲಿ ಓವರ್‌ಲೋಡ್ ಎಂಬುದು ಇರುವುದಿಲ್ಲ. ಎಲ್ಲಿಗೆ ಎಂದರೆ ‘ಮಾರ್ಕೆಟ್‌ಗೆ’. ಯಾವ ಮಾರ್ಕೆಟ್ ಎಂದು ಕೇಳುವಷ್ಟರಲ್ಲಿ ಹಿಂದಿನ ಬಸ್ಸು ಹಾರ್ನ್ ಹೊಡೆದಿರುತ್ತದೆ.

ಇಲ್ಲೊಂದು ಎಚ್ಚರಿಕೆ. ಈ ಮಾಹಿತಿ ಸರ್ಕಾರದ ಬಳಿ ಆಗಲೇ ಇದೆ ಎಂದು ಯಾರಾದರೂ ಸಭೆಯಲ್ಲಿ ಬಾಯಿ ಬಿಡಬಹುದು. ಹೌದು, ಇದೆ. 50,000 ರೂಪಾಯಿ ಮೀರಿದ ಸರಕಿಗೆ 2018ರ ಏಪ್ರಿಲ್ 1ರಿಂದ ಇ-ವೇ ಬಿಲ್ ಎಂಬ ಆನ್‌ಲೈನ್ ಸಾಗಣೆ ಚೀಟಿ ಇದೆ. ರಾಜ್ಯದೊಳಗಿನ ಸಾಗಣೆಗೂ ಅದನ್ನು ಮೊದಲ ದಿನದಿಂದಲೇ ಜಾರಿಗೆ ತಂದದ್ದು ಕರ್ನಾಟಕ. ಅದಕ್ಕೂ ಮೊದಲು ವ್ಯಾಟ್ ಕಾಲದ ಇ-ಸುಗಮ್ ಇತ್ತು. ಹೊರಟ ಊರಿನ ಪಿನ್ ಕೋಡ್, ಸೇರುವ ಊರಿನ ಪಿನ್ ಕೋಡ್, ಯಾವ ಸರಕು, ಎಷ್ಟು, ಯಾವ ನಂಬರಿನ ಗಾಡಿ ಎಲ್ಲವೂ ಅದರಲ್ಲಿ ಸಿಗುತ್ತದೆ. ಆದರೆ ಅದು ತೆರಿಗೆ ಇಲಾಖೆಯ ಕಂಪ್ಯೂಟರು. ರಸ್ತೆ ಬೇರೆ ಇಲಾಖೆಯದು. ಒಂದು ಇಲಾಖೆಗೆ ಗೊತ್ತಿರುವುದನ್ನು ಇನ್ನೊಂದು ಇಲಾಖೆ ಮಳೆಯಲ್ಲಿ ಹುಡುಗರನ್ನು ನಿಲ್ಲಿಸಿ ಹೊಸದಾಗಿ ಕಂಡುಹಿಡಿಯುವುದೇ ಸಂಶೋಧನೆ. ಒಪ್ಪಿಕೊಳ್ಳಬೇಕಾದ ಮಾತೆಂದರೆ ತಾಜಾ ತರಕಾರಿ, ಹಣ್ಣು, ಹಾಲಿಗೆ ಇ-ವೇ ಬಿಲ್ ಬೇಕಿಲ್ಲ, ಹಾಗಾಗಿ ಅದರಲ್ಲೂ ಟೊಮೆಟೊ ಕಾಣುವುದಿಲ್ಲ. ಟೊಮೆಟೊ ಎಲ್ಲರ ಕಣ್ಣಿಗೂ ಮಣ್ಣೆರಚಿ ಸಿಂಗೇನ ಅಗ್ರಹಾರ, ಯಶವಂತಪುರ, ಕೆ.ಆರ್. ಮಾರ್ಕೆಟ್ ದಾಟಿ ಸಾಂಬಾರಿಗೆ ಬಿದ್ದಿರುತ್ತದೆ.

ಈಗ ಕೈಚಳಕದ ಭಾಗ. ಪ್ರತಿ ವಾಹನವೂ ಎಷ್ಟು ಕಾರಿಗೆ ಸಮ ಎಂದು ಹೇಳುವ ಪಟ್ಟಿ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 1990ರ ಮಾರ್ಗಸೂಚಿಯಲ್ಲಿದೆ, ಐಆರ್‌ಸಿ 106. ಲಾರಿ 2.2, ಒಟ್ಟು ವಾಹನಗಳಲ್ಲಿ ಅದರ ಪಾಲು ಹೆಚ್ಚಿದ್ದರೆ 3.7. ಸಣ್ಣ ಸರಕು ವಾಹನ 1.4ರಿಂದ 2. ಟಾಂಗಾಕ್ಕೂ ಅಂಕವಿದೆ, 1.5ರಿಂದ 2. ತಳ್ಳುಗಾಡಿಗೆ 2ರಿಂದ 3, ಅಂದರೆ ಮಾಮೂಲ್‌ಪೇಟೆಯಲ್ಲಿ ಗಾಡಿ ತಳ್ಳುವ ಹಮಾಲಿ ರಸ್ತೆಯ ಮಟ್ಟಿಗೆ ಎರಡು ಮೂರು ಕಾರುಗಳ ಯಜಮಾನ. ಪಟ್ಟಿಯಲ್ಲಿ ಇಲ್ಲದಿರುವುದು ಒಂದೇ: ನಿಂತ ಟೆಂಪೋ. ಗೆರೆ ದಾಟಿದ ವಾಹನವನ್ನು ಮಾತ್ರ ಎಣಿಸುವುದರಿಂದ ಗೆರೆಯ ಮೇಲೇ ನಿಂತು ಮೂಟೆ ಇಳಿಸುತ್ತಿರುವ ವಾಹನದ ಬೆಲೆ ಸೊನ್ನೆ.

ಸೊನ್ನೆ ಏನು ಮಾಡುತ್ತದೆ ನೋಡಿ. ಪ್ರಯಾಣದ ಸಮಯ ಹೇಳುವ ಜನಪ್ರಿಯ ಸೂತ್ರ ಅಮೆರಿಕದ್ದು, 1964ರದ್ದು: ರಸ್ತೆಯ ಸಾಮರ್ಥ್ಯದಲ್ಲಿ ಎಷ್ಟು ಪಾಲು ತುಂಬಿದೆಯೋ ಅದರ ನಾಲ್ಕನೇ ಘಾತವನ್ನು 0.15ರಿಂದ ಗುಣಿಸಿದರೆ ತಡದ ಪ್ರಮಾಣ ಸಿಗುತ್ತದೆ. ಎರಡು ಲೇನಿನ ರಸ್ತೆ ಶೇ. 80 ತುಂಬಿದೆ ಎನ್ನಿ. 0.8ರ ನಾಲ್ಕನೇ ಘಾತ 0.41, ತಡ ಶೇ. 6. ಹತ್ತು ನಿಮಿಷದ ದಾರಿಗೆ ಅರ್ಧ ನಿಮಿಷ ಹೆಚ್ಚು, ವರದಿಯಲ್ಲಿ ಹಸಿರು ಬಣ್ಣ. ಒಂದು ಗೂಡ್ಸ್ ಆಟೋ ಒಂದು ಲೇನ್ ಹಿಡಿದು ನಿಂತಿತೋ, ಸಾಮರ್ಥ್ಯ ಅರ್ಧವಾಯಿತು, 0.8 ಹೋಗಿ 1.6 ಆಯಿತು. ಅದರ ನಾಲ್ಕನೇ ಘಾತ 6.55, ತಡ ಶೇ. 98. ಹತ್ತು ನಿಮಿಷದ ದಾರಿ ಇಪ್ಪತ್ತಾಯಿತು. ಚಿಕ್ಕಪೇಟೆಯಲ್ಲೋ ಎಸ್.ಪಿ. ರೋಡಿನಲ್ಲೋ ದಿನವಿಡೀ ನಡೆಯುವುದು ಈ 1.6. ಮಾಡೆಲ್‌ನಲ್ಲಿ ಇರುವುದು ಆ 0.8. ಅಂಗಡಿಯ ಮುಂದೆ ಸರಕಿಳಿಸಲು ಗುರುತು ಮಾಡಿದ ಜಾಗ ಬಿಡಿ ಎಂದರೆ, ರಸ್ತೆ ವಿನ್ಯಾಸದ ನಕ್ಷೆಯಲ್ಲಿ ಬೆಂಚು, ಹೂಕುಂಡ, ಕೊಡೆ ಹಿಡಿದ ಹೆಂಗಸು, ಸೈಕಲ್ ಹೊಡೆಯುವ ಮಗು ಎಲ್ಲ ಬಂದಾಗಿರುತ್ತದೆ. ಸಿಲಿಂಡರ್ ಗಾಡಿಗೆ ಜಾಗ ಎಲ್ಲಿಂದ ತರುವುದು?

ಇನ್ನು ಹಗಲು ನಿಷೇಧದ ಲಾಭ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಗಡಿಗೆ ಬಂದ ಸರಕು ಅಂಗಡಿಗೆ ಬಂದೇ ಬರುತ್ತದೆ, ಸಣ್ಣ ಗಾಡಿಯಲ್ಲಿ. 16 ಟನ್ ಹೊತ್ತ ಹತ್ತು ಚಕ್ರದ ಲಾರಿಯನ್ನು ತಡೆದರೆ 3.7 ಕಾರಿನಷ್ಟು ರಸ್ತೆ ಉಳಿಯಿತು. ಆ ಸರಕನ್ನು 750 ಕಿಲೋ ಹೊರುವ ಛೋಟಾ ಹಾಥಿ ಎಂಬ ಪುಟ್ಟ ಟೆಂಪೋಗಳಿಗೆ ಹಂಚಿದರೆ 22 ಗಾಡಿ. ತಲಾ 1.4ರಂತೆ 31 ಕಾರಿಗೆ ಸಮ. ಹೋಗುವಾಗ 31, ಖಾಲಿ ಬರುವಾಗ ಮತ್ತೆ 31. ಪುಣ್ಯಕ್ಕೆ ಡ್ರೈವರ್‌ಗಳು ಒಂದೂವರೆ ಟನ್ ಹೇರುವುದರಿಂದ ಗಾಡಿಗಳು 11ಕ್ಕೆ ಇಳಿಯುತ್ತವೆ. ಓವರ್‌ಲೋಡೇ ನಗರದಲ್ಲಿ ಸದ್ಯ ಜಾರಿಯಲ್ಲಿರುವ ಏಕೈಕ ದಟ್ಟಣೆ ನಿಯಂತ್ರಣ ಕ್ರಮ, ಅದಕ್ಕೂ ದಂಡ ಹಾಕುತ್ತಾರೆ.

ಉಳಿದ ಸರಕನ್ನು ವಲಯಗಳು ನುಂಗುತ್ತವೆ. ನಗರವನ್ನು ತುಂಡುತುಂಡು ವಲಯಗಳಾಗಿ ಕತ್ತರಿಸಿ, ಒಂದೇ ವಲಯದೊಳಗೆ ಹುಟ್ಟಿ ಅಲ್ಲೇ ಮುಗಿಯುವ ಪ್ರಯಾಣವನ್ನು ರಸ್ತೆಗೆ ಇಳಿಸದೆ ಬಿಡುವುದು ಪದ್ಧತಿ. ಬೋರ್‌ವೆಲ್‌ನಿಂದ ಪಕ್ಕದ ಬಡಾವಣೆಯ ಅಪಾರ್ಟ್‌ಮೆಂಟ್ ಸಂಪಿಗೆ ಹೋಗುವ ನೀರಿನ ಟ್ಯಾಂಕರ್ ಹೀಗೆ ಆವಿಯಾಗುತ್ತದೆ. 2024ರ ಬೇಸಿಗೆಯಲ್ಲಿ ಜಿಲ್ಲಾಡಳಿತ ಟ್ಯಾಂಕರ್ ನೀರಿಗೆ ಲೀಟರ್ ಮತ್ತು ಕಿಲೋಮೀಟರ್ ಲೆಕ್ಕದಲ್ಲಿ ದರ ನಿಗದಿ ಮಾಡಬೇಕಾಗಿ ಬಂತು. 12,000 ಲೀಟರಿನ ಟ್ಯಾಂಕರ್ ಎಂದರೆ ನೀರೇ 12 ಟನ್. ದರಪಟ್ಟಿಯಲ್ಲಿರುವ ಈ ಟ್ಯಾಂಕರ್ ಮಾಡೆಲ್‌ನಲ್ಲಿಲ್ಲ. ಹತ್ತು ನಿಮಿಷಕ್ಕೆ ಕೊತ್ತಂಬರಿ ತರುವ ಬೈಕ್ ಎಣಿಕೆಗೆ ಸಿಗುತ್ತದೆ, ಆದರೆ ಸರಕಾಗಿ ಅಲ್ಲ, ಯಾರೋ ಒಬ್ಬ ದ್ವಿಚಕ್ರ ಸವಾರನಾಗಿ. ಅವನ ಮನೆಗೇ ಹೋಗಿ ‘ನಿನ್ನೆ ಎಲ್ಲೆಲ್ಲಿಗೆ ಹೋಗಿದ್ದಿರಿ’ ಎಂದು ಕೇಳಿದರೆ ಫಾರಂನ ಸಾಲುಗಳು ಮಧ್ಯಾಹ್ನಕ್ಕೇ ಮುಗಿಯುತ್ತವೆ.

ಕೊನೆಗೆ ಮಾಡೆಲ್ ಸರಿಯಿದೆಯೇ ಎಂಬ ಪರೀಕ್ಷೆ. ಹೆದರಬೇಕಿಲ್ಲ. ಲಂಡನ್ನಿನ ಸಾರಿಗೆ ಯೋಜಕ ಜೆಫ್ರಿ ಇ. ಹೇವರ್ಸ್ 1970ರ ದಶಕದಲ್ಲಿ ಕೊಟ್ಟ, ಅವರ ಹೆಸರಿನ ಮೊದಲಕ್ಷರಗಳನ್ನೇ ಹೊತ್ತ ಜಿಇಎಚ್ ಸೂತ್ರವಿದೆ: ಎಣಿಕೆಗೂ ಮಾಡೆಲ್‌ಗೂ ಇರುವ ವ್ಯತ್ಯಾಸದ ವರ್ಗವನ್ನು ಎರಡರಿಂದ ಗುಣಿಸಿ, ಎರಡೂ ಸಂಖ್ಯೆಗಳ ಮೊತ್ತದಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ. ಎಣಿಸಿದ ಜಾಗಗಳ ಪೈಕಿ ಶೇ. 85ರಲ್ಲಿ ಉತ್ತರ 5ಕ್ಕಿಂತ ಕಡಿಮೆ ಬಂದರೆ ಪಾಸು. ಸಾವಿರಾರು ಕಾರು ಓಡುವ ರಸ್ತೆಗೆ ಇದು ಒಳ್ಳೆಯ ಮಾಪನವೇ. ಅದನ್ನು ಲಾರಿಗೆ ಹಚ್ಚಿದಾಗ ಮಜಾ ಬರುತ್ತದೆ. ಗಂಟೆಗೆ 20 ಲಾರಿ ಎಣಿಸಿ ಮಾಡೆಲ್ 5 ಕೊಟ್ಟರೆ ಉತ್ತರ 4.2, ಪಾಸು. 12 ಎಣಿಸಿ ಮಾಡೆಲ್ ಒಂದೂ ಕೊಡದಿದ್ದರೆ 4.9, ಅದೂ ಪಾಸು! ಅಂದರೆ ಲಾರಿಯೇ ಇಲ್ಲದ ಮಾಡೆಲ್‌ನಲ್ಲಿ ಲಾರಿಗಳು ಸರಿಯಾಗಿವೆ ಎಂದು ಪ್ರಮಾಣಪತ್ರ ಸಿಗುತ್ತದೆ.

ಪಾಸಾದ ಮಾಡೆಲ್‌ಗೆ ಭವಿಷ್ಯ ಕೇಳಬೇಕು. ವರ್ಷಕ್ಕೆ ಶೇ. 5ರ ಬೆಳವಣಿಗೆ ಹಾಕಿ 2041ಕ್ಕೆ ಒಯ್ಯಿರಿ. ಆ ಲಾರಿಗಳು ಎಲ್ಲಿ ಓಡಬೇಕು ಎಂಬ ಪ್ರಶ್ನೆಗೆ ಊರಾಚೆ ಸುತ್ತುವ ಪೆರಿಫೆರಲ್ ರಿಂಗ್ ರೋಡ್ ಎಳೆದುಬಿಡಿ. 2005ರಲ್ಲಿ ಪ್ರಾಥಮಿಕ ಅಧಿಸೂಚನೆ, 2007ರಲ್ಲಿ ಅಂತಿಮ ಅಧಿಸೂಚನೆ ಕಂಡ ಈ ರಸ್ತೆಗೆ ಇದುವರೆಗೆ ಪೂರ್ಣಗೊಂಡಿರುವುದು ಹೊಸ ಹೆಸರು, ಬೆಂಗಳೂರು ಬಿಸಿನೆಸ್ ಕಾರಿಡಾರ್. ಕಂಪ್ಯೂಟರಿನಲ್ಲಿ ಎಳೆಯಲು ಭೂಸ್ವಾಧೀನ ಬೇಕಿಲ್ಲ.

ನಗರದೊಳಕ್ಕೆ ಸುರಂಗ ರಸ್ತೆಯ ಯೋಜನೆಯಿದೆ, ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ. ಅದರ ಡಿಪಿಆರ್‌ನಲ್ಲಿ, ಅಂದರೆ ವಿವರವಾದ ಯೋಜನಾ ವರದಿಯಲ್ಲಿ, ಮಹಾರಾಷ್ಟ್ರದ ಮಾಲೇಗಾಂವ್, ನಾಸಿಕ್‌ಗಳ ಪ್ರಸ್ತಾಪ ನುಸುಳಿದ್ದು ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಗಿ, ಎಲ್ಲರೂ ನಕ್ಕರು. ನಗಬಾರದಿತ್ತು. ಈರುಳ್ಳಿ ಬರುವ ಊರು ಬೆಂಗಳೂರಿನ ಸಾರಿಗೆ ವರದಿಯೊಂದರಲ್ಲಿ ಕಾಣಿಸಿಕೊಂಡದ್ದು ಅಪರೂಪದ ಘಟನೆ. ಸುರಂಗದೊಳಗೆ ಆಟೋಗಳಿಗೆ ಪ್ರವೇಶವಿಲ್ಲ ಎಂದು ಹೇಳಿಯಾಗಿದೆ, ಗೂಡ್ಸ್ ಆಟೋ ಕೂಡ ಆಟೋನೇ. ಪ್ರಯೋಜನದ ಲೆಕ್ಕ ಮಾತ್ರ ಸಲೀಸು: ಕಾರಿನಲ್ಲಿ ಕುಳಿತವರ ಉಳಿದ ನಿಮಿಷಗಳನ್ನು ಅವರ ಸಂಬಳದಿಂದ ಗುಣಿಸಿದರಾಯಿತು. ಟೊಮೆಟೊಗೆ ಸಂಬಳವಿಲ್ಲ, ಆದ್ದರಿಂದ ಅದರ ಸಮಯಕ್ಕೆ ಬೆಲೆ ಕಟ್ಟಲಾಗದು. ದಾರಿಯಲ್ಲೇ ಕೊಳೆತರೆ ಅದು ಸಾರಿಗೆಯ ವಿಷಯವೂ ಅಲ್ಲ, ಘನತ್ಯಾಜ್ಯ. ಅದಕ್ಕೆ ಬೇರೆ ಟೆಂಡರ್ ಕರೆಯುತ್ತಾರೆ.