ತೂಕ ನಮ್ಮದು, ಡಾಲರ್ ಅವರದು

ಶಿರಸಿ ಸೀಮೆಯ ಜಗುಲಿಗಳಲ್ಲಿ ಅಮೆರಿಕವನ್ನು ಬೈಯುವುದಕ್ಕೆ ಎಲೆ ಅಡಿಕೆಯ ಕವಳ ಹಾಕಿದ ನಂತರದ ಅರ್ಧ ಗಂಟೆ ಮೀಸಲು. ಮೊನ್ನೆ ಮಾವ ಕವಳದ ಬಟ್ಟಲನ್ನು ಆಚೆ ಸರಿಸಿ, ಮೊಬೈಲನ್ನು ನನ್ನ ಮೂಗಿನ ತನಕ ತಂದರು.

“ಸಲಿಂಗಕಾಮಿ ಹೆಂಗಸರು ಯಾಕೆ ದಪ್ಪಗಿರುತ್ತಾರೆ, ಗಂಡಸರು ಯಾಕೆ ಹಾಗಿರುವುದಿಲ್ಲ ಎಂದು ತಿಳಿಯಲಿಕ್ಕೆ 15 ಲಕ್ಷ ಡಾಲರ್! ಸರ್ಕಾರದ ದುಡ್ಡು! ಆ ದೇಶ ಉದ್ಧಾರವಾಗುವುದುಂಟೇ?”

ಸುದ್ದಿ ಸುಳ್ಳಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಬಾಸ್ಟನ್ನಿನ ಬ್ರಿಗಮ್ ಮಹಿಳಾ ಆಸ್ಪತ್ರೆಯ ಸಂಶೋಧಕರಿಗೆ 2011ರಿಂದ ಇದಕ್ಕೆ ಹಣ ಕೊಟ್ಟದ್ದು, 2013ರಲ್ಲಿ ಅಲ್ಲಿ ಗುಲ್ಲೆದ್ದದ್ದು ಎಲ್ಲವೂ ನಿಜ. ಆಗಿನ ಲೆಕ್ಕದಲ್ಲಿ ಸುಮಾರು 8 ಕೋಟಿ ರೂಪಾಯಿ. ಅದು ನಮ್ಮ ಜಗುಲಿ ಮುಟ್ಟಲು ಇಷ್ಟು ವರ್ಷ ಹಿಡಿಯಿತೆಂದರೆ ದೇವಿಮನೆ ಘಟ್ಟದ ರಸ್ತೆಯಲ್ಲೇ ಬಂದಿರಬೇಕು.

ಮಾವನ ಸಿಟ್ಟು ನನಗೆ ಅರ್ಥವಾಗುತ್ತದೆ. ಇದೇ ಸಂಶೋಧನೆಯನ್ನು ನಮ್ಮ ಊರಿನಲ್ಲಿ ತಲೆತಲಾಂತರದಿಂದ ಬಿಡಿಗಾಸು ಪಡೆಯದೆ ನಡೆಸುತ್ತಿದ್ದಾರೆ. ಯಾವುದೇ ಮದುವೆ ಮನೆಗೆ ಹೋಗಿ. ಚಪ್ಪಲಿ ಬಿಡುವ ಮೊದಲೇ ಒಬ್ಬ ದೊಡ್ಡಮ್ಮ ನಿಮ್ಮನ್ನು ಕಣ್ಣಿನಲ್ಲೇ ತಕ್ಕಡಿಗೆ ಹಾಕಿ “ಬೆಂಗಳೂರಿನ ನೀರು ಹಿಡಿಸಿದ ಹಾಗಿದೆ” ಎನ್ನುತ್ತಾರೆ. ಪಂಕ್ತಿಯಲ್ಲಿ ಅಪ್ಪೆಹುಳಿ ಬಡಿಸುತ್ತಿರುವ ಅತ್ತೆ “ಇಳಿದು ಹೋಗಿದ್ದೀಯಲ್ಲ, ಶುಗರ್ ಏನಾದರೂ ಬಂತೇ?” ಎಂದು ಕೇಳುತ್ತಾರೆ. ಒಂದೇ ದೇಹ, ಹತ್ತು ನಿಮಿಷದ ಅಂತರ, ಎರಡು ಫಲಿತಾಂಶ. ಬಾಸ್ಟನ್ನಿನವರಾದರೆ ಇದಕ್ಕೆ ಇನ್ನೊಂದು ಅನುದಾನ ಕೇಳುತ್ತಿದ್ದರು. ನಮ್ಮವರು ಚಿಕಿತ್ಸೆಯನ್ನೂ ಅಲ್ಲೇ ಹೇಳಿ ಮುಗಿಸುತ್ತಾರೆ. ತೆಳ್ಳಗಿದ್ದರೆ ಮದುವೆಯಾಗು, ಮೈ ತುಂಬುತ್ತದೆ. ದಪ್ಪಗಿದ್ದರೆ ಮದುವೆಯಾಗು, ಇಳಿಯುತ್ತದೆ.

ಹಾಗೆಂದು ನಮ್ಮ ಸಂಶೋಧನೆ ಎಲ್ಲವನ್ನೂ ಕೇಳುತ್ತದೆ ಎಂದುಕೊಳ್ಳಬೇಡಿ. ನಮ್ಮ ಬಳಗದ ಒಬ್ಬಳು ಬೆಂಗಳೂರಿನಲ್ಲಿ ತನ್ನ ಗೆಳತಿಯ ಜೊತೆ ಒಂದೇ ಮನೆಯಲ್ಲಿ ಏಳು ವರ್ಷದಿಂದ ಇದ್ದಾಳೆ. ಅವಳು ಎಷ್ಟು ಕಿಲೋ ಹೆಚ್ಚಾದಳು, ಗದ್ದ ಯಾವಾಗ ಎರಡಾಯಿತು, ಯಾವ ಸೀರೆಯ ರವಿಕೆ ಬಿಗಿಯಾಯಿತು ಎಲ್ಲವೂ ಸಿದ್ದಾಪುರದಿಂದ ಯಲ್ಲಾಪುರದವರೆಗೆ ಪ್ರಕಟವಾಗಿದೆ. ಆ ಗೆಳತಿ ಯಾರು ಎಂಬ ಪ್ರಶ್ನೆಗೆ ಮಾತ್ರ ಇಡೀ ಬಳಗ ಒಂದೇ ಉತ್ತರವನ್ನು ಬಾಯಿಪಾಠ ಮಾಡಿಕೊಂಡಿದೆ: “ಬಾಡಿಗೆ ಹಂಚಿಕೊಳ್ಳುತ್ತಾರೆ.” ಸರ್ವೋಚ್ಚ ನ್ಯಾಯಾಲಯ 2018ರ ಸೆಪ್ಟೆಂಬರ್ 6ರಂದು ಸಲಿಂಗ ಸಂಬಂಧ ಅಪರಾಧವಲ್ಲ ಎಂದಿತು. ಆ ತೀರ್ಪು ಇನ್ನೂ ಘಟ್ಟದ ಬುಡದಲ್ಲೇ ಇದೆ.

ಮಾವ ಯಕ್ಷಗಾನದ ಹುಚ್ಚರು, ಅದರಲ್ಲೂ ಸ್ತ್ರೀವೇಷದ ಹುಚ್ಚರು. ಭಸ್ಮಾಸುರನ ಎದುರು ಮೋಹಿನಿ ಬಳುಕಿದರೆ ಬೆಳಗಿನ ಜಾವ ಮೂರು ಗಂಟೆಯಲ್ಲೂ ಅವರಿಗೆ ಆಕಳಿಕೆ ಬರುವುದಿಲ್ಲ. ವೇಷ ಹಾಕಿದವನು ಗಂಡಸು, ವೇಷದೊಳಗಿನ ಮೋಹಿನಿಯೂ ಹೆಣ್ಣಾಗಿ ಬಂದ ವಿಷ್ಣು. ಈ ಲೆಕ್ಕವನ್ನು ನಾನು ಜಗುಲಿಯಲ್ಲಿ ಬಿಡಿಸಲು ಹೋಗಲಿಲ್ಲ. ರಾತ್ರಿ ಊಟ ಅಲ್ಲೇ ಆಗಬೇಕಿತ್ತು.

ನಗುವುದೇ ಆದರೆ ಆ ಅಮೆರಿಕದ ಸಂಸ್ಥೆಯ ತಕ್ಕಡಿಯನ್ನು ನೋಡಿ ನಗಬಹುದು. ಸಲಿಂಗಕಾಮಿ ಮಹಿಳೆಯರಲ್ಲಿ ಹತ್ತಿರಹತ್ತಿರ ನಾಲ್ಕರಲ್ಲಿ ಮೂರು ಪಾಲು ಅಧಿಕ ತೂಕದವರು ಎಂದು ಆ ಸಂಶೋಧಕರು ಬರೆದಿದ್ದರಲ್ಲ, ಆ ಅಧಿಕ ಎನ್ನುವುದು ಕಿಲೋ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿ ಬರುವ ಬಿಎಂಐ ಎಂಬ ಒಂದು ಅಂಕಿ. ಇದರ ಮೂಲ ಬೆಲ್ಜಿಯಂನ ಖಗೋಳಶಾಸ್ತ್ರಜ್ಞ ಕೆಟ್ಲೆ 1830ರ ದಶಕದಲ್ಲಿ ಹಾಕಿದ ಲೆಕ್ಕ. ನಕ್ಷತ್ರ ನೋಡುವವನ ಸೂತ್ರದಿಂದ ನಮ್ಮ ಹೊಟ್ಟೆ ಅಳೆಯುತ್ತಾರೆ, ಇರಲಿ. 1998ರವರೆಗೆ ಅಮೆರಿಕದ ಗಂಡಸು 27.8 ದಾಟಿದರೆ ಮಾತ್ರ ದಪ್ಪ. ಆ ವರ್ಷ ಇದೇ ಆರೋಗ್ಯ ಸಂಸ್ಥೆ ಗೆರೆಯನ್ನು 25ಕ್ಕೆ ಇಳಿಸಿತು. ಒಂದು ತುತ್ತು ಹೆಚ್ಚಿಗೆ ಉಣ್ಣದೆ ಕೋಟ್ಯಂತರ ಜನ ರಾತ್ರೋರಾತ್ರಿ ದಪ್ಪಗಾದರು. ನಮ್ಮ ದೇಶದ ವೈದ್ಯರು ನಮಗೆಂದು 23ಕ್ಕೇ ಗೆರೆ ಎಳೆದಿದ್ದಾರೆ. ಹಾಗಾಗಿ ನ್ಯೂಯಾರ್ಕಿನಲ್ಲಿ ವಿಮಾನ ಹತ್ತುವಾಗ ಹದವಾಗಿದ್ದ 24ರ ನಮ್ಮ ಮಾಣಿ, ಗೋವಾದಲ್ಲಿ ಇಳಿದು ಕಾರವಾರದ ಬಸ್ ಹಿಡಿಯುವಷ್ಟರಲ್ಲಿ ದಢೂತಿ.

ಇಷ್ಟಾದರೂ, ಒಂದು ಗುಂಪಿನ ಹೆಂಗಸರಿಗೆ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆಯ ಅಪಾಯ ಹೆಚ್ಚಿದ್ದರೆ ಕಾರಣ ಹುಡುಕುವುದರಲ್ಲಿ ಹಾಸ್ಯವೇನಿದೆ ಎಂದು ಮೆಲ್ಲಗೆ ಕೇಳಿದೆ.

“ಹುಡುಕಲಿಕ್ಕೆ ಬೇರೆ ಏನೂ ಸಿಗಲಿಲ್ಲವೇ?” ಎಂದರು ಮಾವ. ಎದ್ದು ಗೂಡಿನಿಂದ ಡೆಪಾ ತೈಲದ ಬಾಟಲಿ ತೆಗೆದು ಕಾಲಿಗೆ ಸವರಿಕೊಳ್ಳತೊಡಗಿದರು. ಸೊಪ್ಪಿನಬೆಟ್ಟದಿಂದ ದರಕು, ಅಂದರೆ ಉದುರಿದ ಒಣ ಎಲೆ, ತರಬೇಕಿತ್ತು. ಉಣುಗು, ಅಂದರೆ ಉಣ್ಣೆ, ಕಚ್ಚುವ ಕಾಲ; ಈ ತೈಲ ಅದನ್ನು ದೂರ ಇಡುತ್ತದೆ.

1957ರಲ್ಲಿ ಇಲ್ಲೇ ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತಾಗ ಅವುಗಳ ಮೈಯ ಉಣುಗು ಹೆಕ್ಕಲು ಬಂದವರು ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು. ಆ ಕೇಂದ್ರ 1952ರಲ್ಲಿ ಹುಟ್ಟಿದ್ದು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ಕೈ ಸೇರಿ. ಸತ್ತ ಮಂಗನ ಮೈಯಲ್ಲಿ ಉಣುಗು ಎಣಿಸಲು ಡಾಲರ್! ಆಗಲೂ ಯಾವುದೋ ಜಗುಲಿಯಲ್ಲಿ ಯಾರೋ ಒಬ್ಬರು ಕವಳ ಉಗಿದು ನಕ್ಕಿರುತ್ತಾರೆ. ಆ ಉಣುಗಿನಿಂದ ಹರಡುವ ಮಂಗನ ಕಾಯಿಲೆಗೆ ಇದ್ದ ಹಳೆಯ ಲಸಿಕೆಯನ್ನು ಕೆಲಸ ಮಾಡುತ್ತಿಲ್ಲವೆಂದು 2022ರಲ್ಲಿ ನಿಲ್ಲಿಸಿದರು. ಈಗ ಹೊಸದು ಯಾವಾಗ ಬರುತ್ತದೆ, ಸರ್ಕಾರ ಸಂಶೋಧನೆಗೆ ಯಾಕೆ ದುಡ್ಡು ಸುರಿಯುತ್ತಿಲ್ಲ ಎಂದು ಅತಿ ಹೆಚ್ಚು ಕೂಗಾಡುವವರು ಮಾವನೇ.

ತೈಲ ಮೊಣಕಾಲು ದಾಟಿತು. ಕತ್ತಿ ಸಿಕ್ಕಿಸಿಕೊಂಡು ಅಂಗಳಕ್ಕಿಳಿದ ಮಾವ ತಿರುಗಿ ನಿಂತು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಈಗ ಎಷ್ಟಿದ್ದೀಯ?”

“ಎಪ್ಪತ್ತೆಂಟು.”

“ಮದುವೆಯಾಗು, ಇಳಿಯುತ್ತದೆ.”