ಹಳೇ ಕಂಪ್ಯೂಟರ್‌ಗೆ ಒಂದು ಪೈಥಾನ್ ಸಿಗಬಾರದಾ?

ಮಗಳಿಗೆ ಪ್ರೋಗ್ರಾಂ ಬರೆಯುವುದು ಕಲಿಸೋಣ ಅಂತ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಕಂಪ್ಯೂಟರ್‌ಗೆ ಹಾಕಲು ಹೋದೆ. ನಿನ್ನೆ ರಾತ್ರಿ ಹನ್ನೊಂದೂವರೆಗೆ ಮೂರನೇ ಸಲ ಅದೇ ಎರರ್ ಬಂತು. ಪಕ್ಕದಲ್ಲಿ ಕಾದು ಕೂತಿದ್ದ ಮಗಳು ಕುರ್ಚಿಯಲ್ಲೇ ನಿದ್ದೆ ಹೋಗಿದ್ದಳು. ನನಗೆ ಅಳುವೇ ಬಂತು.

ನಮ್ಮ ಮನೆಯದು ವಿಂಡೋಸ್ 7 ಇರುವ, 2 ಜಿಬಿ ರ‍್ಯಾಮ್‌ನ ಹಳೇ ಕಂಪ್ಯೂಟರ್. ಚೆನ್ನಾಗೇ ಇದೆ. ಎರಡು ಸಂಖ್ಯೆ ಕೂಡಿಸುವ ಪ್ರೋಗ್ರಾಂ ಬರೆಯಲು ಇನ್ನೇನು ಬೇಕು?

ಆದರೆ ಪೈಥಾನ್‌ನ 3.9 ಆವೃತ್ತಿ ಮತ್ತು ಅದರ ನಂತರದ್ದು ಯಾವುದೂ ವಿಂಡೋಸ್ 7ರಲ್ಲಿ ನಡೆಯುವುದಿಲ್ಲ. ಸರಿ, 3.8 ಹುಡುಕಿದೆ. ಇಳಿಸಿಕೊಂಡದ್ದು 64 ಬಿಟ್ ವಿಂಡೋಸ್‌ನದು, ನಮ್ಮದು 32 ಬಿಟ್, ಹೊಂದಲಿಲ್ಲ. ಮತ್ತೆ ಇಳಿಸಿದೆ. ಈಗ ಸರ್ವೀಸ್ ಪ್ಯಾಕ್ 1 (ವಿಂಡೋಸ್‌ನ ಅಪ್‌ಡೇಟ್‌ಗಳ ಕಟ್ಟು) ಬೇಕಂತೆ, ಅದರ ಮೇಲೆ ಅಪ್‌ಡೇಟ್‌ಗಳೂ ಬೇಕಂತೆ. ವಿಂಡೋಸ್ 7ಕ್ಕೆ ಸಪೋರ್ಟ್ ನಿಂತಿದ್ದೇ 2020ರ ಜನವರಿಯಲ್ಲಿ. ಎಲ್ಲಿ ಅಂತ ಹುಡುಕಲಿ?

ಇನ್ನು ಆ ಡೌನ್‌ಲೋಡ್ ವೆಬ್‌ಸೈಟುಗಳು! ಒಂದೇ ಪುಟದಲ್ಲಿ ನಾಲ್ಕು ಹಸಿರು ಬಟನ್. ಒತ್ತಿದರೆ ಕೇಳದೇ ಬರುವ ಟೂಲ್‌ಬಾರ್, ಯಾವುದೋ ಡ್ರೈವರ್ ಅಪ್‌ಡೇಟರ್. ದೊಡ್ಡದಾಗಿ ‘ಉಚಿತ’ ಅಂತ ಬರೆದಿರುತ್ತಾರೆ, ಒಳಗೆ ಹೋದರೆ 30 ದಿನ ಮಾತ್ರ. ಕಲಿಯಲು ಬಂದ ಮಕ್ಕಳಿಗೂ ಹೀಗೆ ಮೋಸ ಮಾಡಬೇಕಾ?

ಯಾರನ್ನು ಕೇಳಿದರೂ ಒಂದೇ ಮಾತು, ‘ಹೊಸ ಲ್ಯಾಪ್‌ಟಾಪ್ ತಗೊಳ್ಳಿ.’ ಸುಮ್ನೆ ಹೇಳಿಬಿಡುತ್ತಾರೆ. ತಿಂಗಳ ಕೊನೆಯಲ್ಲಿ ಎಲ್ಲಿಂದ ತರುವುದು?

1984ರಲ್ಲಿ ಶುರುವಾದ, ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸುವ ‘ಕ್ಲಾಸ್’ ಎಂಬ ಯೋಜನೆಯಲ್ಲಿ ನಮ್ಮ ದೇಶದ ಶಾಲೆಗಳಿಗೆ ಬಿಬಿಸಿ ಮೈಕ್ರೊ ಕಂಪ್ಯೂಟರ್ ಬಂದಿತ್ತು. ಅದರ ಮೆಮೊರಿ ಬರೀ ಕೆಬಿ ಲೆಕ್ಕದ್ದು. ಆದರೂ ಆನ್ ಮಾಡಿದ ಕೂಡಲೇ ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆ ಸಿದ್ಧ ಇರುತ್ತಿತ್ತು. ಮಕ್ಕಳು ನೇರವಾಗಿ ಬರೆಯಲು ಶುರು ಮಾಡಬಹುದಿತ್ತು. ನನ್ನ ಮಗಳಿಗೆ ಯಾಕೆ ಆಗಬಾರದು?