ಅಪ್ಪನ ಅರ್ಧ ಕಪ್ ಪಲ್ಯಕ್ಕೆ ಯಾವ ಮೆಷಿನ್?

ನುಂಗಲು ಕಷ್ಟ ಇರುವವರಿಗೆ ಮನೆಯಲ್ಲೇ ಊಟ ನುಣ್ಣಗೆ ಅರೆದು ಕೊಡಬೇಕು, ಯಾವ ಫುಡ್ ಪ್ರೊಸೆಸರ್ ತಗೊಳ್ಳಲಿ ಎಂದು ಈ ಒಂದು ತಿಂಗಳಲ್ಲಿ ಮೂರು ಜನ ಕೇಳಿದ್ದಾರೆ. ಮೂವರಿಗೂ ಫೋನಿನಲ್ಲಿ ಹೇಳಿದ್ದನ್ನೇ ಹೇಳಿದೆ. ಇನ್ನು ಬರೆದೇ ಬಿಡೋಣ ಅನಿಸಿತು.

ಉತ್ತರ ಮೊದಲೇ ಹೇಳುತ್ತೇನೆ. ಈ ಕೆಲಸಕ್ಕೆ ಫುಡ್ ಪ್ರೊಸೆಸರ್ ಬೇಡ. ಚಿಕ್ಕ ಜಾರ್ ಚೆನ್ನಾಗಿರುವ ಒಂದು ಮಿಕ್ಸಿ ಬೇಕು, ಸಣ್ಣ ಕಣ್ಣಿನ ಒಂದು ಸ್ಟೀಲ್ ಜರಡಿ ಬೇಕು. ಅಷ್ಟೇ. ಯಾಕೆ ಅಂತ ಹೇಳುವುದಕ್ಕೆ ಸ್ವಲ್ಪ ಜಾಸ್ತಿ ಬರೆಯಬೇಕಾಗುತ್ತದೆ.

ಎರಡು ವರ್ಷದ ಹಿಂದೆ ಅಪ್ಪನಿಗೆ ಸ್ಟ್ರೋಕ್ ಆಯಿತು. ಕೈಕಾಲು ನಿಧಾನಕ್ಕೆ ಸರಿಹೋಯಿತು, ಮಾತು ಸ್ವಲ್ಪ ತೊದಲುತ್ತದೆ. ಆದರೆ ನುಂಗುವುದು ಮೊದಲಿನ ಹಾಗೆ ಆಗಲಿಲ್ಲ. ನೀರು ಕುಡಿದರೂ ನೆತ್ತಿಗೆ ಹತ್ತುತ್ತಿತ್ತು. ನೆತ್ತಿಗೆ ಹತ್ತಿದರೆ ಕೆಮ್ಮು ಬರುತ್ತದೆ, ಗೊತ್ತಾಗುತ್ತದೆ. ಕೆಲವರಿಗೆ ಕೆಮ್ಮೂ ಬರುವುದಿಲ್ಲವಂತೆ, ಊಟದ ಚೂರು ಸದ್ದಿಲ್ಲದೆ ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗಿಬಿಡುತ್ತದೆ. ಇದನ್ನು ಕೇಳಿದ ದಿನ ಅಮ್ಮ ರಾತ್ರಿಯಿಡೀ ಮಲಗಲಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ನುಂಗುವ ತೊಂದರೆಯನ್ನು ನೋಡುವವರು ಸ್ಪೀಚ್ ಥೆರಪಿಸ್ಟ್‌ಗಳು ಎಂದು ನಮಗೆ ಗೊತ್ತೇ ಇರಲಿಲ್ಲ. ನಾವು ಮೈಸೂರಿನವರು, ಸ್ಪೀಚ್ ಥೆರಪಿ ಓದಿಸುವ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ 1965ರಿಂದ ನಮ್ಮ ಊರಲ್ಲೇ ಇದೆ, ಅದರ ಮುಂದೆಯೇ ಎಷ್ಟು ಸಲ ಓಡಾಡಿದ್ದೇವೋ. ಕಿವಿ ಕೇಳದವರಿಗೆ, ಮಾತು ಬಾರದ ಮಕ್ಕಳಿಗೆ ಮಾತ್ರ ಈ ಓದು ಓದಿದವರು ಬೇಕಾಗುತ್ತಾರೆ ಎಂದುಕೊಂಡಿದ್ದೆವು. ನಿಮ್ಮ ಮನೆಯಲ್ಲಿ ಇಂಥ ತೊಂದರೆ ಇದ್ದರೆ ಮಿಕ್ಸಿ ಅಂಗಡಿಗೆ ಹೋಗುವ ಮೊದಲು ಒಬ್ಬ ಸ್ಪೀಚ್ ಥೆರಪಿಸ್ಟ್ ಹತ್ತಿರ ಹೋಗಿ. ಊಟ ಎಷ್ಟು ಗಟ್ಟಿ, ಎಷ್ಟು ತೆಳು ಇರಬೇಕು ಎನ್ನುವುದನ್ನು ಅವರೇ ಹೇಳಬೇಕು. ಅದನ್ನು ನಾನು ಹೇಳುವ ಹಾಗಿಲ್ಲ, ಪಕ್ಕದ ಮನೆಯವರೂ ಹೇಳುವ ಹಾಗಿಲ್ಲ.

ನಮ್ಮ ಥೆರಪಿಸ್ಟ್ ಮೇಡಂ ಐಡಿಡಿಎಸ್‌ಐ ಎಂಬ ಒಂದು ಪಟ್ಟಿ ತೋರಿಸಿದರು. ಕುಡಿಯುವುದು, ತಿನ್ನುವುದು ಎಲ್ಲವನ್ನೂ 0ಯಿಂದ 7ರವರೆಗೆ ಹಂತ ಮಾಡಿರುವ ಪಟ್ಟಿ ಅದು. ಅಪ್ಪನಿಗೆ ಬರೆದುಕೊಟ್ಟದ್ದು 4. ಗಂಟಿಲ್ಲದ, ಅಗಿಯುವುದೇ ಬೇಡದ ನುಣ್ಣನೆಯ ಊಟ. ಸರಿಯಾಗಿದೆಯೋ ಇಲ್ಲವೋ ನೋಡಲು ಒಂದು ಚಮಚ ಸಾಕು. ಅರೆದದ್ದನ್ನು ಚಮಚದಲ್ಲಿ ತೆಗೆದರೆ ಗುಡ್ಡೆಯಾಗಿ ನಿಲ್ಲಬೇಕು. ಚಮಚ ಓರೆ ಮಾಡಿದರೆ ಒಟ್ಟಿಗೆ ಜಾರಿ ಬೀಳಬೇಕು. ಸುರಿದುಹೋದರೆ ನೀರು ಜಾಸ್ತಿ. ಚಮಚಕ್ಕೆ ಅಂಟಿಕೊಂಡು ಕೂತರೆ ಅಂಟು ಜಾಸ್ತಿ, ಗಂಟಲಲ್ಲೂ ಹಾಗೇ ಕೂರುತ್ತದೆ. ಎರಡು ವರ್ಷದಿಂದ ಪ್ರತಿ ಹೊತ್ತಿನ ಊಟಕ್ಕೂ ನಾನು ಈ ಚಮಚ ಓರೆ ಮಾಡಿ ನೋಡುತ್ತೇನೆ.

ಬೆಂಗಳೂರಿನಿಂದ ಅಣ್ಣ ಫುಡ್ ಪ್ರೊಸೆಸರ್ ಕಳಿಸಿದ. ಸುಮಾರು 9,000 ರೂಪಾಯಿ. ತುರಿಯುವ ಬ್ಲೇಡು, ಹೋಳು ಮಾಡುವ ಬ್ಲೇಡು, ಹಿಟ್ಟು ಕಲಸುವುದು, ಜ್ಯೂಸ್ ಹಿಂಡುವುದು, ಎಲ್ಲ ಇತ್ತು. ಅಪ್ಪನಿಗೋಸ್ಕರ ಪ್ರೀತಿಯಿಂದ ಕಳಿಸಿದ್ದ. ಮೊದಲ ದಿನ ಅದಕ್ಕೆ ಬೇಯಿಸಿದ ಹುರುಳಿಕಾಯಿ ಪಲ್ಯ ಹಾಕಿದೆ, ಅರ್ಧ ಕಪ್. ಸ್ವಿಚ್ ಹಾಕಿದ ಕೂಡಲೇ ಪಲ್ಯವೆಲ್ಲ ಬೌಲಿನ ಗೋಡೆಗೆ ಹಾರಿ ಅಂಟಿಕೊಂಡಿತು, ಬ್ಲೇಡು ನಡುವೆ ಖಾಲಿ ತಿರುಗುತ್ತಿತ್ತು. ನಿಲ್ಲಿಸಿದೆ, ಬಳಿದು ಕೆಳಗೆ ತಂದೆ, ಮತ್ತೆ ಹಾಕಿದೆ. ಆರು ಸಲ. ಕೊನೆಗೂ ಸಿಕ್ಕಿದ್ದು ಸಣ್ಣಗೆ ಕೊಚ್ಚಿದ ಪಲ್ಯ, ನುಣ್ಣಗೆ ಆಗಲೇ ಇಲ್ಲ. ಅಪ್ಪ ಹಸಿದು ಕೂತಿದ್ದರು.

ತಪ್ಪು ಆ ಮೆಷಿನ್‌ದಲ್ಲ. ಅದನ್ನು ಮಾಡಿರುವುದೇ ಬೇರೆ ಕೆಲಸಕ್ಕೆ. ಅಗಲವಾದ ಬೌಲು, ಮಿಕ್ಸಿಗಿಂತ ನಿಧಾನ ತಿರುಗುವ ಉದ್ದ ಬ್ಲೇಡು. ಹತ್ತು ಜನಕ್ಕೆ ಕೋಸು ಹೆಚ್ಚಬೇಕು, ಕ್ಯಾರೆಟ್ ತುರಿಯಬೇಕು, ಚಪಾತಿ ಹಿಟ್ಟು ಕಲಸಬೇಕು ಅಂದರೆ ಅದು ಒಳ್ಳೆಯದೇ. ಒಬ್ಬರ ಒಂದು ಹೊತ್ತಿನ ಊಟ ಅದರ ತಳಕ್ಕೂ ಸಾಲುವುದಿಲ್ಲ. ಬೌಲು ತುಂಬಲಿ ಅಂತ ನಾವು ಏನು ಮಾಡುತ್ತೇವೆ ಹೇಳಿ? ಅನ್ನ, ಹುಳಿ, ಪಲ್ಯ ಎಲ್ಲ ಒಟ್ಟಿಗೆ ಹಾಕಿ ತಿರುಗಿಸುತ್ತೇವೆ. ನಾನೂ ಮಾಡಿದೆ. ಬೂದು ಬಣ್ಣದ ಒಂದು ಮುದ್ದೆ ತಟ್ಟೆಗೆ ಬಿತ್ತು. ಅಪ್ಪ ಎರಡು ಚಮಚ ತಿಂದು ಸಾಕು ಅಂದರು. ಎಪ್ಪತ್ತು ವರ್ಷ ಬಾಳೆಎಲೆಯಲ್ಲಿ ಕೋಸಂಬರಿ ಒಂದು ಕಡೆ, ಪಲ್ಯ ಒಂದು ಕಡೆ, ತೊವ್ವೆ ಒಂದು ಕಡೆ ಬಡಿಸಿಕೊಂಡು ಉಂಡ ಮನುಷ್ಯ. ಅವರ ಮುಂದೆ ಅದನ್ನು ಇಟ್ಟದ್ದಕ್ಕೆ ನನಗೆ ಇವತ್ತಿಗೂ ನೋವಿದೆ.

ಹಾಗಾಗಿ ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ಎಷ್ಟು ವ್ಯಾಟ್, ಎಷ್ಟು ಬ್ಲೇಡು ಅನ್ನುವುದಲ್ಲ. ಅತಿ ಕಡಿಮೆ ಅಂದರೆ ಎಷ್ಟನ್ನು ಇದು ನುಣ್ಣಗೆ ಅರೆಯುತ್ತದೆ? ಇದೊಂದನ್ನೇ ಕೇಳಿ. ಅರ್ಧ ಕಪ್ ಅರೆಯುವ ಜಾರ್ ಇದ್ದರೆ ಪಲ್ಯ ಬೇರೆ, ತೊವ್ವೆ ಬೇರೆ, ಅನ್ನ ಬೇರೆ ಅರೆದು ಮೂರು ಬಟ್ಟಲಲ್ಲಿ ಕೊಡಬಹುದು. ಮನೆಯವರೆಲ್ಲ ಏನು ತಿನ್ನುತ್ತಾರೋ ಅವರೂ ಅದನ್ನೇ ತಿನ್ನಬಹುದು.

ಅಮ್ಮನ ಹತ್ತಿರ ಹಳೇ ಸುಮೀತ್ ಮಿಕ್ಸಿ ಒಂದಿದೆ, ದಪ್ಪ ಸ್ಟೀಲಿನ ಜಾರ್‌ಗಳದ್ದು. ಫುಡ್ ಪ್ರೊಸೆಸರ್ ಪಕ್ಕಕ್ಕಿಟ್ಟು ಅಮ್ಮ ಅದರ ಚಟ್ನಿ ಜಾರ್‌ಗೆ ಅದೇ ಪಲ್ಯ ಹಾಕಿ ಎರಡು ಚಮಚ ಬಿಸಿನೀರು ಬಿಟ್ಟು ತಿರುಗಿಸಿದರು. ಅರ್ಧ ನಿಮಿಷದಲ್ಲಿ ಬೆಣ್ಣೆ. ಜಾರ್ ಕಿರಿದು, ಬ್ಲೇಡು ತಳಕ್ಕೆ ಹತ್ತಿರ, ವೇಗ ಜಾಸ್ತಿ. ಕಾಯಿ ಚಟ್ನಿ ನುಣ್ಣಗೆ ಬೇಕು ಅನ್ನುವ ನಮ್ಮ ಅಡುಗೆಮನೆಗಳಿಗೆ ಅಂತಲೇ ಮಾಡಿದ ಜಾರ್ ಅಲ್ವಾ ಅದು. ಬೇಕಾಗಿದ್ದದ್ದು ಮನೆಯಲ್ಲೇ ಇತ್ತು.

ಆಮೇಲೆ ಅಪ್ಪನಿಗೇ ಅಂತ ಬೇರೆ ಮಿಕ್ಸಿ ತಗೊಂಡೆ, ಖಾರ ಮಸಾಲೆ ರುಬ್ಬಿದ ಜಾರ್‌ನ ವಾಸನೆ ಅವರ ಊಟಕ್ಕೆ ಬರಬಾರದು ಅಂತ. ಅಂಗಡಿಗೆ ಹೋಗುವಾಗ ಒಂದು ಸ್ಟೀಲ್ ಡಬ್ಬಿಯಲ್ಲಿ ಬೇಯಿಸಿದ ಹುರುಳಿಕಾಯಿ ತಗೊಂಡು ಹೋಗಿದ್ದೆ, ಕೈಯಲ್ಲಿ ಜರಡಿ. ಅಂಗಡಿಯ ಹುಡುಗ ಮೊದಲು ಆಶ್ಚರ್ಯಪಟ್ಟ, ಅಪ್ಪನ ವಿಷಯ ಹೇಳಿದ ಮೇಲೆ ಅವನೇ ಮೂರು ಮಿಕ್ಸಿ ಬಿಚ್ಚಿಸಿ ಹಾಕಿ ತೋರಿಸಿದ. ಅರ್ಧ ಕಪ್ ಹುರುಳಿಕಾಯಿ, ಎರಡು ಚಮಚ ನೀರು, ಅರ್ಧ ನಿಮಿಷ. ಅರೆದದ್ದನ್ನು ಜರಡಿಗೆ ಹಾಕಿ ಚಮಚದಲ್ಲಿ ಒತ್ತಿದೆವು. ಮೊದಲನೆಯದರಲ್ಲಿ ಜರಡಿಯ ಮೇಲೆ ಕೂದಲಿನ ಹಾಗೆ ನಾರು ಒಂದು ಹಿಡಿ ಉಳಿಯಿತು. ಎರಡನೆಯದರಲ್ಲಿ ಅದಕ್ಕಿಂತ ಕಡಿಮೆ. ಮೂರನೆಯದು ಅಷ್ಟೇನೂ ದುಬಾರಿಯಲ್ಲ, 500 ವ್ಯಾಟ್. ಅದರಲ್ಲಿ ಉಳಿದದ್ದು ಒಂದು ಚಿಟಿಕೆ. ಅದನ್ನೇ ತಗೊಂಡೆ. 750 ವ್ಯಾಟ್ ಬೇಕಾಗುವುದು ದೋಸೆ ಹಿಟ್ಟಿಗೆ, ಒಣ ಮಸಾಲೆಗೆ. ಮೆತ್ತಗೆ ಬೆಂದ ತರಕಾರಿಗೆ 500 ಧಾರಾಳ ಸಾಕು.

ಇನ್ನೂ ಕೆಲವು ನೋಡಿಕೊಳ್ಳಿ. ಮುಚ್ಚಳದ ರಬ್ಬರ್ ಕೈಯಲ್ಲಿ ಬಿಚ್ಚಿ ತೊಳೆಯುವ ಹಾಗಿರಬೇಕು. ಅದರ ಸಂದಿಯಲ್ಲಿ ನಿನ್ನೆಯ ಬೇಳೆ ಉಳಿದಿದ್ದರೆ, ಮೊದಲೇ ಸೋತಿರುವ ದೇಹಕ್ಕೆ ಅದೇ ಸಾಕು. ಬ್ಲೇಡಿನ ಅಡಿಗೆ ಬ್ರಷ್ ಹೋಗಬೇಕು. ಐಎಸ್‌ಐ ಗುರುತು ಇರಬೇಕು. ಕಪ್ಲರ್, ರಬ್ಬರ್, ಬುಷ್ ನಿಮ್ಮ ಊರಿನ ರಿಪೇರಿ ಅಂಗಡಿಯಲ್ಲಿ ಸಿಗಬೇಕು. ದಿನಕ್ಕೆ ಮೂರು ಹೊತ್ತು ಹೀಗೆ ಬಳಸಿದರೆ ಅವು ಸವೆದೇ ಸವೆಯುತ್ತವೆ, ಜಾರ್ ಒಂದು ವಾರ ರಿಪೇರಿಗೆ ಹೋದರೆ ಊಟ ನಿಲ್ಲುವಂತಿಲ್ಲ. ನಾನು ಚಿಕ್ಕ ಜಾರ್ ಒಂದು ಎಕ್ಸ್‌ಟ್ರಾ ಇಟ್ಟುಕೊಂಡಿದ್ದೇನೆ.

ಹ್ಯಾಂಡ್ ಬ್ಲೆಂಡರ್ ಬಗ್ಗೆಯೂ ಕೇಳುತ್ತಾರೆ. ಪಾತ್ರೆಯಲ್ಲೇ ಅದ್ದಿ ತಿರುಗಿಸಬಹುದು, ತೊಳೆಯುವುದು ಸುಲಭ, ತೊವ್ವೆಗೆ, ಸೂಪಿಗೆ ಚೆನ್ನ. ಆದರೆ ಬ್ಲೇಡು ಮುಳುಗುವಷ್ಟು ಆಳ ಬೇಕು, ಅರ್ಧ ಕಪ್ ಪಲ್ಯದಲ್ಲಿ ಮುಳುಗುವುದಿಲ್ಲ. ನಾರನ್ನೂ ಅದು ಪೂರ್ತಿ ಅರೆಯುವುದಿಲ್ಲ. ನಮ್ಮ ಮನೆಯಲ್ಲಿ ಅದು ಇರುವುದು ಕರೆಂಟ್ ಹೋದಾಗ ಬೇಕು ಅಂತ. ಮಿಕ್ಸಿ ಹಾಕಿದರೆ ನಮ್ಮ ಇನ್ವರ್ಟರ್ ಓವರ್‌ಲೋಡ್ ಅಂತ ಕೂಗುತ್ತದೆ, ಹ್ಯಾಂಡ್ ಬ್ಲೆಂಡರ್ ನಡೆಯುತ್ತದೆ. ಕಪ್ ಬೋರಲು ಹಾಕಿ ತಿರುಗಿಸುವ ಸ್ಮೂದಿ ಮೆಷಿನ್‌ಗಳೂ ಸಣ್ಣ ಅಳತೆಗೆ ಚೆನ್ನಾಗಿಯೇ ಅರೆಯುತ್ತವೆ. ಬಿಸಿ ಪದಾರ್ಥ ಮಾತ್ರ ಅದಕ್ಕೆ ಹಾಕಲೇಬೇಡಿ, ಆವಿ ಹೋಗಲು ದಾರಿಯೇ ಇರುವುದಿಲ್ಲ.

ಮಿಕ್ಸಿಗೂ ಅಷ್ಟೇ. ಅಮ್ಮ ಒಂದು ದಿನ ಆತುರದಲ್ಲಿ ಒಲೆಯಿಂದ ಇಳಿಸಿದ ತೊವ್ವೆಯನ್ನು ಹಾಗೇ ಜಾರ್‌ಗೆ ಸುರಿದು ಸ್ವಿಚ್ ಹಾಕಿದರು. ಮುಚ್ಚಳ ಹಾರಿ ತೊವ್ವೆ ಮಣಿಕಟ್ಟಿನ ಮೇಲೆ ಬಿತ್ತು, ಕಲೆ ಇನ್ನೂ ಇದೆ. ಬೆರಳಿಗೆ ಬೆಚ್ಚಗೆ ಅನ್ನಿಸುವಷ್ಟು ಆರಲಿ, ಜಾರ್ ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ, ಮುಚ್ಚಳದ ಮೇಲೆ ದಪ್ಪ ಬಟ್ಟೆ ಹಾಕಿ ಹಿಡಿದುಕೊಳ್ಳಿ. ಅರೆದ ಮೇಲೆ ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟರೆ ಊಟ ಮತ್ತೆ ಬಿಸಿಯಾಗುತ್ತದೆ.

ಎಷ್ಟೇ ಒಳ್ಳೆಯ ಮಿಕ್ಸಿ ಇದ್ದರೂ ಜರಡಿ ಬಿಡುವ ಹಾಗಿಲ್ಲ. ಟೊಮೆಟೊ ಸಿಪ್ಪೆ, ಬಟಾಣಿ ಸಿಪ್ಪೆ, ಸೊಪ್ಪಿನ ದಂಟಿನ ನಾರು, ಕರಿಬೇವು, ಸಾಸಿವೆ, ಇವೆಲ್ಲ ಅಲ್ಲೇ ಸಿಗುತ್ತವೆ. ನಮ್ಮಜ್ಜಿ ಮಕ್ಕಳ ರಾಗಿ ಸರಿಗೆ ವಸ್ತ್ರಗಾಳಿ ಹಿಡಿಯುತ್ತಿದ್ದರು, ಅದೇ ಕೆಲಸ ಇದು. ಸಿಹಿಗುಂಬಳ, ಕ್ಯಾರೆಟ್, ಸೀಮೆಬದನೆ, ಸಿಪ್ಪೆ ತೆಗೆದ ಹೀರೆಕಾಯಿ ಯಾವ ತೊಂದರೆಯನ್ನೂ ಕೊಡುವುದಿಲ್ಲ. ನುಗ್ಗೆಕಾಯಿ ಅಪ್ಪನಿಗೆ ಪ್ರಾಣ. ಬೇಯಿಸಿ ಸೀಳಿ, ತಿರುಳನ್ನು ಚಮಚದಲ್ಲಿ ಕೆರೆದು ಅರೆಯುತ್ತೇನೆ.

ಅನ್ನ ಮತ್ತು ಆಲೂಗಡ್ಡೆ ಜಾಸ್ತಿ ಹೊತ್ತು ತಿರುಗಿಸಿದಷ್ಟೂ ಗೋಂದಾಗುತ್ತವೆ. ಆಲೂಗಡ್ಡೆಯನ್ನು ಜರಡಿಯಲ್ಲಿ ಒತ್ತಿಬಿಡಿ, ಮಿಕ್ಸಿಯೇ ಬೇಡ. ಅನ್ನಕ್ಕೆ ಐದಾರರಷ್ಟು ನೀರಿಟ್ಟು ಕರಗುವ ಹಾಗೆ ಬೇಯಿಸಿ, ಒಂದು ಚಮಚ ತುಪ್ಪ ಹಾಕಿ, ಪಲ್ಸ್‌ನಲ್ಲಿ ನಾಲ್ಕೈದು ಸಲ ತಿರುಗಿಸಿ ನಿಲ್ಲಿಸಿಬಿಡಿ. ನೆಂಟರು ಬಂದಾಗ ಒಬ್ಬರಲ್ಲ ಒಬ್ಬರು "ಮುದ್ದೆ ಹೇಗೂ ಅಗಿಯದೇ ನುಂಗೋದು, ಅದನ್ನೇ ಕೊಡಿ" ಅನ್ನುತ್ತಾರೆ. ದಯವಿಟ್ಟು ಕೊಡಬೇಡಿ. ಮುದ್ದೆ ಅಂಟು, ಗಂಟಲಲ್ಲಿ ಸಿಕ್ಕಿಕೊಂಡರೆ ಪ್ರಾಣಕ್ಕೇ ಕುತ್ತು. ರಾಗಿ ಬೇಕೇ ಬೇಕು ಅಂದರೆ ಗಂಜಿ ಕಾಯಿಸಿ, ಚಮಚ ಓರೆ ಮಾಡಿ ನೋಡಿ ಕೊಡಿ.

ತೆಳುವಾಗಲಿ ಅಂತ ಸುಮ್ನೆ ನೀರು ಸುರಿಯಬೇಡಿ. ಮೊದಲ ಎರಡು ತಿಂಗಳು ನಾನು ಹಾಗೆ ಮಾಡಿದೆ, ಅಪ್ಪ 4 ಕೆಜಿ ಇಳಿದರು. ಬಟ್ಟಲು ತುಂಬಿರುತ್ತಿತ್ತು, ಒಳಗೆ ಅರ್ಧ ನೀರೇ. ಈಗ ಹಾಲು, ಬೇಳೆಕಟ್ಟು, ಮೊಸರು, ತುಪ್ಪ ಹಾಕಿ ಹದ ಮಾಡುತ್ತೇನೆ. ತೂಕ ವಾಪಸ್ ಬಂದಿದೆ.

ಆರು ತಿಂಗಳ ಮಗುವಿಗೆ ಅಂತ ಮೆಷಿನ್ ಹುಡುಕುವವರಿಗೆ ಒಂದೇ ಮಾತು, ನಿಮಗೆ ಯಾವುದೂ ಬೇಡ. ಬಾಳೆಹಣ್ಣು ಚಮಚದಲ್ಲೇ ಕಿವುಚಬಹುದು, ರಾಗಿ ಸರಿ ತಾನೇ ನುಣ್ಣಗಿರುತ್ತದೆ. ಎಂಟು ಒಂಬತ್ತು ತಿಂಗಳಿಗೆ ಮಗು ಸಣ್ಣ ಸಣ್ಣ ಚೂರು ಅಗಿಯಲು ಕಲಿಯಬೇಕು. ಎಲ್ಲವನ್ನೂ ಅರೆದೇ ಕೊಟ್ಟರೆ ಕಲಿಯುವುದು ತಡವಾಗುತ್ತದೆ.

ಒಗ್ಗರಣೆ ಬಿಡಬೇಡಿ, ಇದನ್ನು ಮಾತ್ರ ಕೇಳಿಕೊಳ್ಳುತ್ತೇನೆ. ತುಪ್ಪಕ್ಕೆ ಸಾಸಿವೆ, ಇಂಗು, ಕರಿಬೇವು ಹಾಕಿ ಸಿಡಿಸಿ, ಟೀ ಸೋಸುವ ಜಾಲರಿಯಲ್ಲಿ ಸೋಸಿ, ಬರೀ ತುಪ್ಪವನ್ನು ಅರೆದ ಪಲ್ಯದ ಮೇಲೆ ಹಾಕುತ್ತೇನೆ. ಮೊದಲ ಸಲ ಹೀಗೆ ಮಾಡಿದ ದಿನ ಮೂರು ಬಟ್ಟಲು ಇಟ್ಟೆ, ಬಿಳಿ, ಹಳದಿ, ಹಸಿರು. ಅಪ್ಪ ಹಸಿರು ಬಟ್ಟಲನ್ನು ಹತ್ತಿರ ಎಳೆದುಕೊಂಡು ಮೂಸಿ, ನಿಧಾನವಾಗಿ ಒಂದೊಂದೇ ಅಕ್ಷರ ಕೂಡಿಸಿ, "ಹುರುಳಿಕಾಯಾ?" ಅಂದರು. ಅಮ್ಮ ಹೌದು ಅಂದರು. ಆ ದಿನ ಮೂರೂ ಬಟ್ಟಲು ಖಾಲಿ ಆಯಿತು.